ಸೊಲ್ಲು ಹಿಡಿಯುವ ಪೀಪಿ

ನಮ್ಮ ಅಡುಗೆಮನೆಯಲ್ಲಿ ಲಟ್ಟಣಿಗೆ, ಸೌಟು, ಕಡಗೋಲು ನಿಲ್ಲಿಸುವ ಒಂದು ಸ್ಟೀಲ್ ಡಬ್ಬಿಯಿದೆ. ಹೋದ ದೀಪಾವಳಿಯಿಂದ ಅದರಲ್ಲಿ ಒಂದು ರಿಕಾರ್ಡರ್ ಕೂಡ ನಿಂತಿದೆ. ರಿಕಾರ್ಡರ್ ಎಂದ ಕೂಡಲೇ ಧ್ವನಿ ಹಿಡಿದಿಡುವ ಯಂತ್ರ ಎಂದುಕೊಳ್ಳಬೇಡಿ, ಇದು ಊದುವ ವಾದ್ಯ. ಕೆನೆ ಬಣ್ಣದ ಪ್ಲಾಸ್ಟಿಕ್ಕಿನದು. ಮುಂದೆ ಏಳು ತೂತು, ಹಿಂದೆ ಹೆಬ್ಬೆರಳಿಗೊಂದು. ಕೊಳಲಿನ ಹಾಗೆ ಅಡ್ಡ ಹಿಡಿಯುವುದಲ್ಲ, ಮಕ್ಕಳ ಪೀಪಿಯ ಹಾಗೆ ನೇರ ಬಾಯಿಗಿಟ್ಟು ಊದುವುದು. ಇದು ಅಡುಗೆಮನೆಯಲ್ಲೇ ಏಕೆ ಎಂದರೆ, ಒಲೆಯ ಮೇಲೆ ಕುಕ್ಕರ್ ಇಟ್ಟು ಅದು ಕೂಗುವವರೆಗಿನ ಹೊತ್ತೇ ನನ್ನ ಸಂಗೀತಾಭ್ಯಾಸದ ಹೊತ್ತು. ಕುಕ್ಕರಿನ ಸೀಟಿ ಯಾವುದು, ನನ್ನ ಸೀಟಿ ಯಾವುದು ತಿಳಿಯದೆ ನಮ್ಮ ಮನೆಯವರು ಒಂದೆರಡು ಸಲ ಗ್ಯಾಸ್ ಆರಿಸಿಬಿಟ್ಟಿದ್ದಾರೆ. ಅವತ್ತು ನಾವೆಲ್ಲ ನುಚ್ಚಿನಂಥ ಅರೆಬೆಂದ ಅನ್ನವನ್ನೇ ತಿಂದೆವು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ, ಅಷ್ಟು ಒಳ್ಳೆಯ ಮಂದಿ.

ಇದು ಮೊದಲು ನನ್ನ ಮಗಳದು. ಐದನೆಯ ಇಯತ್ತೆಯಲ್ಲಿದ್ದಾಗ ಶಾಲೆಯವರು ಹೇಳಿದರೆಂದು ಗದಗಿನ ಪೇಟೆಯೆಲ್ಲ ಸುತ್ತಿ ತಂದಿದ್ದೆವು. ಆಕೆ ನಾಲ್ಕು ದಿನ ಊದಿದಳು, ಐದನೆಯ ದಿನ ಅದರಿಂದ ಪೇರಲ ಹಣ್ಣು ಉದುರಿಸಿದಳು, ಆಮೇಲೆ ಅದು ಅಟ್ಟ ಸೇರಿತು. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹಳೆಯ ಸ್ವೆಟರಿನ ಗಂಟಿನಿಂದ ಜಾರಿ ನನ್ನ ತಲೆಯ ಮೇಲೆಯೇ ಬಿತ್ತು. ಹಳೆ ಸಾಮಾನು ಕೊಳ್ಳುವ ಮೋಡಕಾದವನಿಗೆ ಹಾಕುವ ಗುಡ್ಡೆಗೆ ಎಸೆಯಬೇಕು, ಅಷ್ಟರಲ್ಲಿ ಯಾಕೋ ಒರೆಸಿ ಬಾಯಿಗಿಟ್ಟು ಮೆಲ್ಲಗೆ ಊದಿದೆ.

ಸ್ವರ ಬಂತು. ನೀವು ನಗಬಾರದು. ಐವತ್ತರ ಹತ್ತಿರ ಬಂದ ನನ್ನ ಬಾಯಿಂದ ಹೊರಟು ಅಲುಗಾಡದೆ ನಿಂತ ಮೊಟ್ಟಮೊದಲ ಸ್ವರ ಅದು. ಏಣಿಯ ಮೇಲೆ ನಿಂತಿದ್ದ ಮನೆಯವರಿಗೆ ಕೇಳಿಸಿತೇ ಎಂದು ಕೇಳಿದೆ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹಿಂದೆ ಬರತೈತಿ ಅನ್ಕೊಂಡೆ ಎಂದರು.

ನನ್ನ ಕಂಠದ ಕಥೆಯನ್ನು ಹೇಳದಿದ್ದರೆ ಈ ಸಂಭ್ರಮ ನಿಮಗೆ ಅರ್ಥವಾಗುವುದಿಲ್ಲ. ನನ್ನ ತವರು ಶಿರಹಟ್ಟಿ. ನಮ್ಮದು ಹಾಡುವವರ ಮನೆ. ಅವ್ವ, ಅವ್ವನ ತಂಗಿ ಶಾಂತಚಿಗವ್ವ, ನನ್ನ ಇಬ್ಬರು ಅಕ್ಕಂದಿರು, ಎಲ್ಲರೂ ಸೋಬಾನ ಎತ್ತಿದರೆ ಓಣಿಯ ಹೆಂಗಸರು ಕೈಯೊಳಗಿನ ರೊಟ್ಟಿ ಬಿಟ್ಟು ಬಂದು ನಿಲ್ಲುತ್ತಿದ್ದರು. ದೇವರು ಅವರಿಗೆಲ್ಲ ಹಂಚಿ ಹಂಚಿ ನನ್ನ ಸರದಿ ಬರುವಷ್ಟರಲ್ಲಿ ಗಡಿಗೆ ಖಾಲಿಯಾಗಿತ್ತೇನೋ. ಹಾಡುವ ಆಸೆಯನ್ನು ಮಾತ್ರ ಬೊಗಸೆ ತುಂಬ ಕೊಟ್ಟುಬಿಟ್ಟ. ಲಕ್ಷ್ಮೇಶ್ವರದಲ್ಲಿ ದೊಡ್ಡಪ್ಪನ ಮಗಳ ಲಗ್ನದಲ್ಲಿ ಅರಿಶಿಣ ಹಚ್ಚುವಾಗ ನಾನೂ ಹುರುಪಿನಿಂದ ದನಿಗೂಡಿಸಿದೆ. ಅರಿಶಿಣ ಮೆತ್ತಿದ ಮುಖ ಹೊತ್ತ ಮದುಮಗಳೇ ತಿರುಗಿ ನೋಡಿದಳು. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಯಾವ ಹುಡುಗಿಗೆ ನೆಗಡಿಯಾಗಿದೆ, ಶುಂಠಿ ಕಷಾಯ ಕೊಡಿ ಎಂದಳು. ಅವ್ವ ನನ್ನ ಕೈಗೆ ಆರತಿ ತಟ್ಟೆ ಕೊಟ್ಟು ಕಿವಿಯಲ್ಲಿ ಹೇಳಿದಳು:

"ನೀ ಬರೇ ತುಟಿ ಅಲ್ಲಾಡಸು ಮಗಳ, ಸಾಕು."

ಅಂದಿನಿಂದ ಎಷ್ಟು ಲಗ್ನ, ಎಷ್ಟು ತೊಟ್ಟಿಲು, ಎಷ್ಟು ಬಸುರಿಯರ ಕುಬಸದಲ್ಲಿ ತುಟಿ ಅಲ್ಲಾಡಿಸಿದ್ದೇನೆ ಎಂದರೆ, ಮೂಕಿ ಸಿನಿಮಾದ ಕಾಲದಲ್ಲಿ ಹುಟ್ಟಿದ್ದರೆ ನಾಯಕಿಯಾಗುತ್ತಿದ್ದೆ. ಮುಂದೆ ನೌಕರಿ ಸಿಕ್ಕಿದ್ದೂ ಗದಗಿನ ಕಾಲೇಜೊಂದರ ಗ್ರಂಥಾಲಯದಲ್ಲಿ. ಅಲ್ಲಿ ನನ್ನ ಕೆಲಸವೇ ಬೇರೆಯವರನ್ನು ಸುಮ್ಮನಿರಿಸುವುದು. ಇಂಥವಳ ಕೈಗೆ ವಾದ್ಯ ಬಿದ್ದರೆ ಏನಾಗುತ್ತದೆ ನೀವೇ ಯೋಚಿಸಿ.

ಮೊಬೈಲಿನ ವಿಡಿಯೋದಲ್ಲಿ ಒಬ್ಬ ಬಿಳಿಯ ಹೆಂಗಸು ಕಲಿಸುತ್ತಾಳೆ. ಎಡಗೈ ಮೇಲೆ, ಬಲಗೈ ಕೆಳಗೆ. ಪ್ರತಿ ಸ್ವರಕ್ಕೂ ನಾಲಿಗೆಯಿಂದ 'ತು' ಎನ್ನಬೇಕಂತೆ. ನಾನು ನಿಷ್ಠೆಯಿಂದ ತು ತು ತು ಎನ್ನುತ್ತಿದ್ದರೆ, ಅವ್ವಾ ಯಾರಿಗೆ ಉಗಳಾಕತ್ತೀ ಎಂದು ಮಗಳು ಹೊರಗಿನಿಂದ ಕೇಳುತ್ತಿದ್ದಳು. ವಾದ್ಯದ ಜೊತೆ ಬಂದ ಪುಸ್ತಕದಲ್ಲಿದ್ದ ಹಾಡುಗಳೆಲ್ಲ ಹಿಮದ ಮೇಲೆ, ಕುರಿಮರಿಯ ಮೇಲೆ. ನಮ್ಮ ಕಡೆ ಕುರಿ ಬೇಕಾದಷ್ಟಿವೆ, ಹಿಮ ಎಲ್ಲಿಂದ ತರಲಿ? ಪಕ್ಕದ ಮನೆಯ ಪರಪ್ಪಕಾಕಾ ಕೈಮಗ್ಗದಲ್ಲಿ ಇಳಕಲ್ ಸೀರೆ ನೇಯುವವರು. ಬೆಟಗೇರಿಯ ನಮ್ಮ ಓಣಿಯಲ್ಲಿ ಈಗಲೂ ಸದ್ದು ಮಾಡುವ ನಾಲ್ಕಾರು ಮಗ್ಗಗಳಲ್ಲಿ ಅವರದೂ ಒಂದು. ವಾರ ತಡೆದು ನೋಡಿ ಒಂದು ಮುಂಜಾನೆ ಕಟ್ಟೆಗೆ ಬಂದು, ನನ್ನ ತಾಳ ತಪ್ಪಿದಾಗಲೆಲ್ಲ ತಮ್ಮ ಲಾಳಿಯೂ ತಪ್ಪುತ್ತದೆ, ಊದುವುದಾದರೆ ಒಂದೇ ತಾಳದಲ್ಲಿ ಊದು ತಂಗಿ ಎಂದು ಬೇಡಿಕೊಂಡರು. ಅವರ ಮಗ್ಗದ ತಾಳಕ್ಕೇ ಊದುತ್ತೇನೆಂದು ಒಪ್ಪಿಕೊಂಡೆ. ಇವತ್ತು ನನ್ನಲ್ಲಿ ಲಯ ಎಂಬುದೇನಾದರೂ ಇದ್ದರೆ ಅದು ಇಳಕಲ್ ಸೀರೆಯ ಲಯ.

ಹೀಗೆ ಮೇಲಿನ ಮೂರು ತೂತುಗಳಲ್ಲಿ ಬೆರಳಾಡಿಸುತ್ತಿದ್ದ ಒಂದು ಸಂಜೆ, ನಾನು ಯೋಚಿಸದೆಯೇ ಬೆರಳುಗಳು ಒಂದು ಧಾಟಿ ಹಿಡಿದವು. ಮತ್ತೆ ಊದಿದೆ. ಮತ್ತೆ ಅದೇ. ಅವ್ವ ಜೋಳ ಬೀಸುವಾಗ ಹಾಡುತ್ತಿದ್ದ ಪದ.

ಹೊತ್ತು ಮೂಡುವ ಮುಂದ ತವರೀಗಿ ಹೊಂಟೇನ
ಬುತ್ತಿ ಕಟ್ಟವ್ವ ನೆಗೆಣ್ಣಿ, ಹೊಲದಾಗ
ಹತ್ತಿ ನಗತಾವ ಬೆಳ್ಳಗ

ನೆಗೆಣ್ಣಿ ಎಂದರೆ ಗಂಡನ ಅಣ್ಣನದೋ ತಮ್ಮನದೋ ಹೆಂಡತಿ. ಮೈಯೆಲ್ಲ ಜುಂ ಎಂದಿತು. ಅವ್ವ ಹೋಗಿ ಬಹಳ ವರ್ಷವಾಯಿತು. ತುಟಿ ಅಲ್ಲಾಡಿಸು ಎಂದವಳ ಹಾಡು ನನ್ನ ಉಸಿರಿನಲ್ಲಿ ಹೊರಗೆ ಬರುತ್ತಿತ್ತು. ಕುಕ್ಕರ್ ಎಷ್ಟು ಸಲ ಕೂಗಿತೋ ಗೊತ್ತಿಲ್ಲ, ಬೇಳೆ ತಳ ಹಿಡಿದು ಮನೆಯೆಲ್ಲ ಹೊಗೆಯಾದಾಗಲೇ ಎಚ್ಚರ. ಸೀದ ಬೇಳೆಯ ವಾಸನೆ ಬಂದರೆ ನನಗೆ ಈಗಲೂ ಖುಷಿಯಾಗುತ್ತದೆ.

ಆದರೆ ಮಾತು ಪೂರಾ ನೆನಪಿದ್ದರೂ ಧಾಟಿ ಮಾತ್ರ ಸಾಲಿನ ಮೊದಲರ್ಧದಷ್ಟೇ ನೆನಪಿತ್ತು, ಮುಂದೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಹತ್ತಲೇ ಇಲ್ಲ. ಅಕ್ಕಂದಿರಿಗೆ ಫೋನ್ ಮಾಡಿದರೆ ಅವರಿಗೂ ಅಷ್ಟೇ ನೆನಪು. ಇನ್ನು ಉಳಿದವಳು ಶಾಂತಚಿಗವ್ವ ಒಬ್ಬಳೇ. ಅವಳನ್ನು ಕೊಟ್ಟದ್ದು ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಗೆ. ಮುಂದಿನ ರವಿವಾರವೇ ರಿಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮುಂದಿನ ಸೀಟಿನ ಸರಳಿನ ಮೇಲೆ ಬೆರಳಾಡಿಸುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಏನವ್ವಾ, ನರದ ತ್ರಾಸೇನು ಎಂದು ಕೇಳಿ ಒಬ್ಬ ಡಾಕ್ಟರರ ಹೆಸರನ್ನೂ ಹೇಳಿದಳು.

ಚಿಗವ್ವ ರೊಟ್ಟಿ, ಎಣ್ಣೆಗಾಯಿ, ಮೊಸರು ಕೊಟ್ಟಳು, ಹಾಡು ಕೊಡಲಿಲ್ಲ. ಒಂದು ಸಾಲು ಹೇಳು ಎಂದರೆ ತಲೆಯಾಡಿಸಿದಳು. ಮರೆತಿದ್ದೀಯಾ ಎಂದರೆ ಮರೆತಿಲ್ಲ. ಗಂಟಲು ನೋಯುತ್ತದೆಯೇ ಎಂದರೆ ಅದೂ ಇಲ್ಲ. ಕಾಡಿ ಬೇಡಿದ ಮೇಲೆ ಹೇಳಿದಳು:

"ಬೀಸೂ ಪದ ಒಬ್ಬಾಕಿ ಹಾಡೂದಲ್ಲವ್ವ. ನಾ ಎತ್ತಬೇಕು, ಮತ್ತೊಬ್ಬಾಕಿ ಸೊಲ್ಲು ಹಿಡಿದು ಮುಗಸಬೇಕು. ಎತ್ತಿದ್ದು ಮುಗೀಲಿಲ್ಲಂದ್ರ ಮನಿಗೆ ಚೊಲೋ ಅಲ್ಲ."

ಸೊಲ್ಲು ಎಂದರೆ ಇಷ್ಟೇ. ಒಂದೇ ಬೀಸುಕಲ್ಲಿಗೆ ಇಬ್ಬರು ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರ ಕೈ ಹಾಕಿ ಬೀಸುತ್ತಿದ್ದರಲ್ಲ, ಆಗ ಒಬ್ಬಾಕೆ ಸಾಲನ್ನು ಎತ್ತಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಬ್ಬಾಕೆ ಅದರ ತುದಿಯನ್ನು ಹಿಡಿದು ಕೆಳಗಿನ ದನಿಗೆ ತಂದು ನಿಲ್ಲಿಸುತ್ತಾಳೆ. ಅವ್ವನ ಎದುರು ಕೂತು ಸೊಲ್ಲು ಹಿಡಿಯುತ್ತಿದ್ದವಳು ನಮ್ಮ ಅಜ್ಜಿ. ನಾವು ಹುಡುಗಿಯರು ಅವ್ವನನ್ನು ಕೇಳಿ ಕಲಿತೆವು, ಅಜ್ಜಿಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ನಮಗೆಲ್ಲ ಅರ್ಧರ್ಧ ಹಾಡೇ ಬರುವುದು.

ಹಿರೇವಡ್ಡಟ್ಟಿಯಲ್ಲಿ ಚಿಗವ್ವನ ಸೊಲ್ಲು ಹಿಡಿಯುತ್ತಿದ್ದವಳು ಅವಳ ನೆಗೆಣ್ಣಿ ನೀಲವ್ವ. ಅವರಿಬ್ಬರ ಜೋಡಿ ಹಾಡು ಸುತ್ತಲಿನ ಊರಿಗೆಲ್ಲ ಗೊತ್ತಿತ್ತು. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ ಸುಸೂತ್ರವಾಗಿ ಪಾಲಾಯಿತು, ಎತ್ತು ಪಾಲಾದವು. ಬೀಸುಕಲ್ಲಿನ ಹತ್ತಿರ ಬಂದು ಎಲ್ಲ ನಿಂತಿತು. ಆಗಲೇ ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷವಾಗಿತ್ತು, ಆ ಕಲ್ಲಿನಲ್ಲಿ ಬೀಸುವವರು ಯಾರೂ ಇರಲಿಲ್ಲ. ಆದರೂ ನನಗೇ ಬೇಕೆಂದು ಇಬ್ಬರೂ ಹಟ ಹಿಡಿದರು. ಒಬ್ಬರ ಮೇಲೊಬ್ಬರು ಆಡಬಾರದ ಮಾತು ಆಡಿದರು. ಪಂಚರಿಗೆ ತಲೆ ಕೆಟ್ಟು, ಮೇಲಿನ ಕಲ್ಲು ನೀಲವ್ವನಿಗೆ, ಕೆಳಗಿನ ಕಲ್ಲು ಶಾಂತವ್ವನಿಗೆ ಎಂದು ತೀರ್ಪು ಕೊಟ್ಟು ಎದ್ದರು. ತಮಾಷೆಗೆ ಹೇಳಿದ್ದರೋ ಖರೆ ಹೇಳಿದ್ದರೋ, ಇವರಿಬ್ಬರೂ ಹಾಗೆಯೇ ಪಾಲು ಮಾಡಿಕೊಂಡುಬಿಟ್ಟರು. ನಡುವೆ ಹಿತ್ತಲಲ್ಲಿ ಎದೆಮಟ್ಟದ ಗೋಡೆ ಎದ್ದಿತು. ಅಂದಿನಿಂದ ಮಾತಿಲ್ಲ. ಮೇಲಿನ ಕಲ್ಲು ಅವರ ಹಿತ್ತಲಿನಲ್ಲಿ ನೀರಿನ ಬಾನಿಗೆ ಮುಚ್ಚಳವಾಗಿದೆ, ಕೆಳಗಿನದು ಇವರ ಹಿತ್ತಲಿನಲ್ಲಿ ಬಟ್ಟೆ ಒಗೆಯುವಾಗ ಸಾಬೂನು ಇಡಲು ಬರುತ್ತದೆ. ಊರಲ್ಲಿ ಇಬ್ಬರನ್ನೂ ಸೋಬಾನಕ್ಕೆ ಕರೆಯುತ್ತಾರೆ, ಆದರೆ ಒಬ್ಬಾಕೆ ಬಂದಿದ್ದಾಳೆಂದರೆ ಇನ್ನೊಬ್ಬಾಕೆ ಹೊಸಿಲಿನಿಂದಲೇ ತಿರುಗಿ ಹೋಗುತ್ತಾಳೆ. ಬರುಬರುತ್ತ ಇಬ್ಬರೂ ಹಾಡುವುದನ್ನೇ ಬಿಟ್ಟರು.

ಚಿಗವ್ವ ಇದನ್ನೆಲ್ಲ ಹೇಳುವಾಗ ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಇಷ್ಟು ಚೆಂದ ಹಾಡುವವಳು ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ, ಹಾಡಲು ಬಾರದ ನಾನು ಊರೆಲ್ಲ ಪೀಪಿ ಊದುತ್ತ ತಿರುಗುತ್ತಿದ್ದೇನೆ. ಸೊಲ್ಲಿನ ಧಾಟಿಯನ್ನು ಒಮ್ಮೆ ಗುನುಗಿ ತೋರಿಸು ಸಾಕು, ಹಿಡಿಯುವುದು ನನಗೆ ಬಿಡು ಎಂದೆ. ಅವಳಿಗೆ ನಗು ಬಂತು. ಆದರೂ ಗುನುಗಿದಳು. ಎಷ್ಟು ಮೆಲ್ಲಗೆ ಎಂದರೆ ಗೋಡೆಗೆ ಕೇಳಿಸಬಾರದು, ಅಷ್ಟು ಮೆಲ್ಲಗೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಹುಚ್ಚು. ಮುಂಜಾನೆ ಸೊಲ್ಲು, ಸಂಜೆ ಸೊಲ್ಲು. ಧಾಟಿ ಕಷ್ಟದ್ದಲ್ಲ, ಐದಾರು ಸ್ವರ ಅಷ್ಟೇ. ಆದರೆ ಕಡೆಗೆ ಅದು ಇಳಿದು ನಿಲ್ಲುವುದು ರಿಕಾರ್ಡರಿನ ಎಲ್ಲಕ್ಕಿಂತ ಕೆಳಗಿನ ಸ್ವರದಲ್ಲಿ. ಅದಕ್ಕೆ ಅಷ್ಟೂ ತೂತುಗಳನ್ನು ಒಂದಿಷ್ಟೂ ಸಂದಿಲ್ಲದೆ ಮುಚ್ಚಬೇಕು, ಉಸಿರನ್ನು ಬಿಸಿ ಚಹಾ ಆರಿಸುವುದಕ್ಕಿಂತ ಮೆಲ್ಲಗೆ ಬಿಡಬೇಕು. ನನ್ನ ಕಿರುಬೆರಳು ಮೋಟು. ಅದು ಕೊನೆಯ ತೂತನ್ನು ಪೂರಾ ಮುಚ್ಚದು. ಮುಚ್ಚಿತೆನ್ನುವಷ್ಟರಲ್ಲಿ ನನಗೇ ಹುರುಪು ಹೆಚ್ಚಾಗಿ ಉಸಿರು ಜೋರಾಗಿ, ಕೀಂ ಎಂದು ಕಿರುಚುತ್ತದೆ. ಗ್ರಂಥಾಲಯದಲ್ಲಿ ಮೇಜಿನ ಕೆಳಗೆ ಪೆನ್ನು ಹಿಡಿದು ಕಿರುಬೆರಳು ಚಾಚಿ ಚಾಚಿ ಅಭ್ಯಾಸ ಮಾಡಿದೆ. ಮಗಳು ಅಳತೆ ಪಟ್ಟಿ ತಂದು ನನ್ನ ಬೆರಳು ಅಳೆದು, ನಿನ್ನ ಕೈಲೆ ಆಗಂಗಿಲ್ಲ ಅವ್ವಾ, ಇದು ಅಜ್ಜಿ ಕೊಟ್ಟ ಬೆರಳು ಎಂದಳು. ಮನೆಯವರು ಸೊಲ್ಲಿನವರೆಗೂ ತಲೆದೂಗಿ, ಕೊನೆಯ ಸ್ವರ ಬರುವ ಮೊದಲೇ ಕಿವಿ ಮುಚ್ಚಿಕೊಳ್ಳುವ ಕಲೆ ಕಲಿತರು.

ಹತ್ತು ಸಲಕ್ಕೆ ಎರಡು ಸಲ ಸರಿ ಬರತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಮತ್ತೆ ಹಿರೇವಡ್ಡಟ್ಟಿಗೆ ಹೊರಟೆ.

ಮಧ್ಯಾಹ್ನದ ಊಟ ಮುಗಿದಿತ್ತು. ಚಿಗವ್ವ ಹಿತ್ತಲಿನ ಬೇವಿನ ನೆರಳಲ್ಲಿ ಬಿತ್ತನೆಯ ಶೇಂಗಾ ಸುಲಿಯುತ್ತ ಕೂತಿದ್ದಳು. ಗೋಡೆಯಾಚೆ ಯಾರೋ ಮೊರದಲ್ಲಿ ಕಾಳು ಕೇರುವ ಸದ್ದು. ನಾನು ರಿಕಾರ್ಡರ್ ತೆಗೆದು ಎದುರಿಗೆ ಕೂತೆ. ಸೊಲ್ಲು ನನ್ನದು, ನೀನು ಎತ್ತು ಎಂದೆ. ಚಿಗವ್ವ ಗೋಡೆಯ ಕಡೆ ಒಮ್ಮೆ ನೋಡಿದಳು, ನನ್ನ ಮುಖ ನೋಡಿದಳು. ನನ್ನ ಆಸೆಗೆ ಮಣಿದಳೋ, ಅವಳಿಗೇ ಆಸೆಯಿತ್ತೋ, ಸಣ್ಣ ದನಿಯಲ್ಲಿ ಎತ್ತಿದಳು.

ಹೊತ್ತು ಮೂಡುವ ಮುಂದ ತವರೀಗಿ ಹೊಂಟೇನ...

ನಾನು ಹಿಡಿದೆ. ಇಳಿಯುತ್ತ ಬಂದೆ. ಕೀಂ ಎಂದಿತು. ಬೇವಿನ ಮರದಲ್ಲಿದ್ದ ಕಾಗೆ ಹಾರಿಹೋಯಿತು. ಚಿಗವ್ವ ಇನ್ನೊಮ್ಮೆ ಎತ್ತಿದಳು, ಈ ಸಲ ತುಸು ದೊಡ್ಡ ದನಿಯಲ್ಲಿ. ಮತ್ತೆ ಇಳಿದೆ, ಮತ್ತೆ ಕೀಂ. ಮೊರದ ಸದ್ದು ನಿಂತಿತ್ತು. ನನ್ನ ಕೈ ಬೆವರಿ ಬೆರಳೆಲ್ಲ ತೂತಿನಿಂದ ಜಾರುತ್ತಿದ್ದವು. ಚಿಗವ್ವನ ಮುಖ ಸಪ್ಪಗಾಯಿತು. ಎರಡು ಸಲ ಎತ್ತಿ ಎರಡೂ ಸಲ ಮುಗಿಯದೆ ಬಿಟ್ಟದ್ದು ಅವಳ ಮನಸ್ಸಿಗೆ ಹತ್ತಿತ್ತು. ಇದೊಂದು ಸಲ ಮುಗಿಸಿಬಿಡು ಮಗಳ ಎಂದು ಮೂರನೆಯ ಸಲ ಎತ್ತಿದಳು. ಅಯ್ಯೋ, ಅಷ್ಟು ಭಾರ ನನ್ನ ಮೋಟು ಬೆರಳಿನ ಮೇಲೆ ಹಾಕಬಾರದಿತ್ತು. ಈ ಸಲ ಕೀಂ ಎಂದೂ ಅನ್ನಲಿಲ್ಲ, ಪುಸ್ ಎಂದು ಗಾಳಿ ಹೋಯಿತು.

ಆಗ ಗೋಡೆಯಾಚೆಯಿಂದ ಆ ಸ್ವರ ಬಂತು. ದಪ್ಪ ದನಿ, ಸ್ವಲ್ಪ ಒಡೆದದ್ದು. ನಾನು ಬಿಟ್ಟ ಜಾಗದಿಂದಲೇ ಸಾಲನ್ನು ಹಿಡಿದು, ಅವಸರ ಮಾಡದೆ ಕೆಳಗಿಳಿಸಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿತು.

ಚಿಗವ್ವನ ಕೈಯಲ್ಲಿನ ಶೇಂಗಾ ಕೈಯಲ್ಲೇ ಉಳಿಯಿತು. ಏನಾದರೂ ಬೈಗುಳ ಬರುತ್ತದೆ, ಇಲ್ಲವೇ ಬಾಗಿಲು ಹಾಕಿಕೊಳ್ಳುವ ಸದ್ದು ಬರುತ್ತದೆ ಎಂದು ಕಾದೆ. ಎರಡೂ ಬರಲಿಲ್ಲ. ನಮ್ಮ ಬೀಸುವ ಪದಗಳಲ್ಲಿ ಒಂದು ಗುಣವಿದೆ. ಧಾಟಿ ಹಳೆಯದಿದ್ದರೂ ಮಾತನ್ನು ಅಲ್ಲೇ ಕೂತು ಹೊಸದಾಗಿ ಹೊಸೆಯಬಹುದು. ಗೋಡೆಯಾಚೆಯ ದನಿ ಈಗ ತಾನೇ ಎತ್ತಿತು:

ಊದೂ ಪೀಪಿಯ ತಂದು ಗದಗಿಂದ ಬಂದಾಳ
ಹಾದಿ ತಪ್ಪ್ಯಾಳ ಸೊಲ್ಲೀನ, ನೆಗೆಣ್ಣಿ
ಸಾಧಿಸಿ ಕಲಿಸ ಮಗಳೀಗೆ

ನೆಗೆಣ್ಣಿ. ಅಷ್ಟು ವರ್ಷ ಎದುರಿಗೆ ಬಂದರೂ ಮುಖ ತಿರುವಿದವಳು, ಈಗ ಹಾಡಿನಲ್ಲಿ ಕರೆದಳು. ಎತ್ತಿದ್ದನ್ನು ಮುಗಿಸದೆ ಬಿಡುವ ಹಾಗಿಲ್ಲ. ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಗಂಟಲು ಸರಿ ಮಾಡಿಕೊಂಡಳು, ಸೊಲ್ಲು ಹಿಡಿದಳು. ನನಗೆ ಎದ್ದು ಕುಣಿಯಬೇಕೆನಿಸಿತು. ಖರೆ ಹೇಳುತ್ತೇನೆ, ನನ್ನ ಮಗಳು ಹುಟ್ಟಿದ ದಿನ ಬಿಟ್ಟರೆ ಅಷ್ಟು ಸಂತೋಷ ನಾನು ಕಂಡಿಲ್ಲ.

ಆಮೇಲೆ ನನ್ನನ್ನು ಯಾರು ಕೇಳುತ್ತಾರೆ? ಇವಳು ಎತ್ತಿದರೆ ಅವಳು ಮುಗಿಸಿದಳು, ಅವಳು ಎತ್ತಿದರೆ ಇವಳು. ಹಳೆಯವು ಮುಗಿದ ಮೇಲೆ ಹೊಸವು. ಹಾಡಿನಲ್ಲಿ ಒಬ್ಬರ ಮೊಣಕಾಲು ನೋವನ್ನು ಇನ್ನೊಬ್ಬರು ವಿಚಾರಿಸಿದರು, ಸೊಸೆ ಬಸುರಿಯಾದ ಖಬರು ಹೇಳಿದರು, ಒಂದೆರಡು ಹಳೆಯ ಮಾತಿಗೆ ಚುಚ್ಚಿದರು, ಚುಚ್ಚಿಸಿಕೊಂಡರು. ಹೊತ್ತಿಳಿಯುವಷ್ಟರಲ್ಲಿ ಬಿತ್ತನೆಯ ಶೇಂಗಾ ಸುಲಿದು ಮುಗಿದಿತ್ತು, ಅರ್ಧದಷ್ಟನ್ನು ನಾನೇ ತಿಂದಿದ್ದೆ. ಹಾಡು ನಿಂತ ಮೇಲೆ ಯಾರೂ ಗೋಡೆಯ ಹತ್ತಿರ ಹೋಗಲಿಲ್ಲ. ಇನ್ನಾದರೂ ಮಾತಾಡಿಸು ಎಂದು ನಾನು ಮೆಲ್ಲಗೆ ಹೇಳಿದೆ. ಚಿಗವ್ವ ಬುಟ್ಟಿ ಎತ್ತಿಕೊಂಡು ಎದ್ದು, ಆಕಿ ಜೋಡಿ ನಂದು ಮಾತಿಲ್ಲ, ಹಾಡೂದು ಬ್ಯಾರೆ ಎಂದು ಒಳಗೆ ಹೋದಳು.

ಅದಾದ ಮೇಲೆ ಹಲವು ಸಲ ಹೋಗಿ ಬಂದಿದ್ದೇನೆ. ಪ್ರತಿ ಸಲವೂ ಅದೇ ಕ್ರಮ. ನಾನು ಹೋಗಿ ಪೀಪಿ ತೆಗೆಯಬೇಕು, ಚಿಗವ್ವ ಎತ್ತಬೇಕು, ನಾನು ತಪ್ಪಬೇಕು, ಗೋಡೆಯಾಚೆಯಿಂದ ನೀಲವ್ವ ಹಿಡಿಯಬೇಕು. ನಾನಿಲ್ಲದಾಗ ಇಬ್ಬರೂ ಹಾಡುವುದಿಲ್ಲ. ಯಾರು ಮೊದಲು ಎತ್ತಬೇಕೆಂಬ ಪ್ರಶ್ನೆಗೆ ಯಾವ ಪಂಚರೂ ತೀರ್ಪು ಕೊಟ್ಟಿಲ್ಲವಲ್ಲ.

ಹೋದ ವಾರ ಒಂದು ಪವಾಡ ನಡೆಯಿತು. ಒಂದು ಸಂಜೆ ಅಡುಗೆಮನೆಯಲ್ಲಿ ಆ ಕೆಳಗಿನ ಸ್ವರ ಬಂತು. ಹತ್ತಕ್ಕೆ ಹತ್ತೂ ಸಲ, ದುಂಡಗೆ, ಒಂದಿಷ್ಟೂ ಬಿರುಕಿಲ್ಲದೆ. ಮನೆಯವರು ಕಿವಿಯಿಂದ ಕೈ ತೆಗೆದರು. ಪರಪ್ಪಕಾಕಾ ಮಗ್ಗ ನಿಲ್ಲಿಸಿ ಭಲೇ ಎಂದರು. ನಾನು ಓಡಿಹೋಗಿ ಚಿಗವ್ವನಿಗೆ ಫೋನ್ ಹಚ್ಚಿ, ಫೋನಿನಲ್ಲೇ ಊದಿ ಕೇಳಿಸಿದೆ. ಬಂತು ಚಿಗವ್ವ, ಪೂರಾ ಬಂತು, ಬರುವ ಐತಾರ ಬಂದು ಸೊಲ್ಲು ಪೂರಾ ನಾನೇ ಹಿಡಿಯುತ್ತೇನೆ ಎಂದೆ.

"ಚೊಲೋ ಆತವ್ವ," ಎಂದಳು ಚಿಗವ್ವ. "ಆದ್ರ ಅದನ್ನ ಅಲ್ಲೇ ಊದಕೋ. ಇಲ್ಲಿ ಬಂದಾಗ ಮೊದಲಿನಂಗ ತಪ್ಪು. ನೀ ಮುಗಿಸಿಬಿಟ್ರ ಆಕಿ ಯಾಕ ಹಾಡತಾಳ?"

ಹಾಗಾಗಿ ಈಗ ನನಗೆ ಎರಡು ಅಭ್ಯಾಸ. ಬೆಟಗೇರಿಯಲ್ಲಿ ಸರಿಯಾಗಿ ಊದುವುದು, ಹಿರೇವಡ್ಡಟ್ಟಿಯಲ್ಲಿ ಹದವಾಗಿ ತಪ್ಪುವುದು. ಎರಡನೆಯದೇ ಕಷ್ಟ. ತೀರ ಕಿರುಚಬಾರದು, ಬೇಕೆಂದೇ ತಪ್ಪಿದ್ದು ಗೋಡೆಯಾಚೆ ಗೊತ್ತಾಗಬಾರದು. ಮೊನ್ನೆ ಐತಾರ ಚಿಗವ್ವ ಸಾಲು ಎತ್ತಿದಳು. ನಾನು ಇಳಿಯುತ್ತ ಇಳಿಯುತ್ತ ಬಂದು, ಕಡೆಯ ತೂತಿನಿಂದ ಕಿರುಬೆರಳನ್ನು ಕೂದಲೆಳೆಯಷ್ಟು ಎತ್ತಿದೆ. ಗೋಡೆಯಾಚೆ ನೀಲವ್ವ ಉಸಿರು ತುಂಬಿಕೊಳ್ಳುವುದು ಕೇಳಿಸಿತು.